ಅನುಮತಿಯಿಲ್ಲದೆ ಹುಟ್ಟಿದ ಅತಿಥಿ

ಫೋನಿನ ಆ ಕಡೆಯಿಂದ ಕನ್ನಡ ಕೇಳಿಸದೇ ಹೋಗಿದ್ದರೆ ಜಯೇಶ್ ಈ ಫಜೀತಿಗೆ ಸಿಕ್ಕಿಕೊಳ್ಳುತ್ತಲೇ ಇರಲಿಲ್ಲ. ಸಿಡ್ನಿಯಲ್ಲಿ, ಚಾಟ್ಸ್‌ವುಡ್‌ನಿಂದ ಸ್ವಲ್ಪ ಆಚೆಗಿನ ಪುಟ್ಟ ನಗರಸಭೆಯೊಂದರಲ್ಲಿ, ಅಲ್ಲಿನವರ ಮಾತಲ್ಲಿ ಕೌನ್ಸಿಲ್‌ನಲ್ಲಿ ಸಮಾರಂಭಗಳನ್ನು ನೋಡಿಕೊಳ್ಳುವುದು ಅವನ ಕೆಲಸ, ಅದೂ ತಾತ್ಕಾಲಿಕ. ಟಿಬೆಟಿನ ವೃದ್ಧ ರಿಂಪೋಚೆಯೊಬ್ಬರು, ಅಂದರೆ ಹಿಂದಿನ ಗುರುವೇ ಮತ್ತೆ ಹುಟ್ಟಿಬಂದವರೆಂದು ಭಕ್ತರು ನಂಬುವ ಲಾಮಾ, ಬರುತ್ತಾರೆ, ಮೇಯರ್ ಭೇಟಿ ಸಿಕ್ಕೀತೇ ಎಂದು ಅವರ ಶಿಷ್ಯರು ಕೇಳಿದ್ದರು. ಮೇಲಿನವರನ್ನು ವಿಚಾರಿಸಿ ತಿಳಿಸುತ್ತೇನೆ ಎಂದಿದ್ದರೆ ಸಾಕಿತ್ತು. ಅಷ್ಟರಲ್ಲಿ ಇವನ ಊರು ಉಡುಪಿಯೆಂದು ತಿಳಿದು ರಿಂಪೋಚೆಯೇ ಫೋನ್ ತೆಗೆದುಕೊಂಡರು.

"ನಮ್ ಕಡೆಯವ್ರಾ ನೀವು? ನಮ್ದು ಬೈಲಕುಪ್ಪೆ. ಮೂವತ್ತು ವರ್ಷ ಜೋಳ ಬೆಳ್ದಿದೀನಿ ಅಲ್ಲಿ."

ಜಯೇಶನ ಕಣ್ಣು ಒದ್ದೆಯಾಯಿತು. ಗುರುವಾರ ಟೌನ್‌ಹಾಲಿನಲ್ಲಿ ಮೇಯರ್ ಜೊತೆ ಟೀ ಎಂದು ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟ. ಅದು ಸ್ಥಳೀಯ ಪತ್ರಿಕೆಯಲ್ಲೂ ಬಂತು.

ಗುರುವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ವಿದೇಶವೊಂದರ ರಾಯಭಾರ ಕಚೇರಿಯ ಕಾನ್ಸಲ್ ಸಾಹೇಬರು ಬಂದು ಕೂತಿದ್ದರು. ಯಾವ ದೇಶದವರೆಂದು ಹೇಳುವುದು ಬೇಡ, ಎಂದಾದರೊಮ್ಮೆ ನನಗೂ ವೀಸಾ ಬೇಕಾದೀತು. ತಮ್ಮ ಸರಕಾರಕ್ಕೆ ಬುದ್ಧನ ಮೇಲೆ ಅಪಾರ ಗೌರವ ಎಂದೇ ಅವರು ಶುರುಮಾಡಿದರು. ಎಷ್ಟು ಗೌರವವೆಂದರೆ, ಸತ್ತ ಲಾಮಾ ಮತ್ತೆ ಹುಟ್ಟಬೇಕಾದರೂ ಸರಕಾರವೇ ಮಂಜೂರಾತಿ ಕೊಡುತ್ತದಂತೆ. ಈ ಮುದುಕರು ಅಂಥ ಯಾವ ಅನುಮತಿಯೂ ಇಲ್ಲದೆ ಹುಟ್ಟಿದವರು. ಇವರು ಸರಕಾರಿ ಕಟ್ಟಡದಲ್ಲಿ ಒಂದು ಗುಟುಕು ಟೀ ಕುಡಿದರೂ, ಕೌನ್ಸಿಲ್ ಪಾರ್ಕಿಗೆಂದು ತಮ್ಮ ದೇಶ ಉಡುಗೊರೆ ಕಳಿಸಿದ ಜೋಡಿ ಕಲ್ಲಿನ ಸಿಂಹಗಳು ಬಂದರಿನಿಂದಲೇ ವಾಪಸು ಹೋಗುತ್ತವೆ.

ಮೇಯರ್ ಬ್ರೆಂಡಾ ಬೆವತುಹೋದರು. ಸಿಂಹಗಳಿಗೆ ಆಗಲೇ ಕಟ್ಟೆ ಕಟ್ಟಿಸಿಯಾಗಿತ್ತು. ಭೇಟಿ ರದ್ದು ಮಾಡೋಣವೆಂದರೆ ಚುನಾವಣೆ ಹತ್ತಿರದಲ್ಲಿತ್ತು. ಹಿಂದಿನ ವಾರವಷ್ಟೇ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಇದೇ ರಿಂಪೋಚೆಯ ಸಭೆಗೆ ಹಾಲ್ ಕೊಟ್ಟವರು, ಗೋಡೆಗೆ ಪೇಂಟ್ ಹೊಡೆಯಬೇಕಿದೆ ಎಂದು ಕೊನೇ ಗಳಿಗೆಯಲ್ಲಿ ಬೀಗ ಹಾಕಿ ಪತ್ರಿಕೆಗಳಲ್ಲಿ ನಗೆಪಾಟಲಾಗಿದ್ದರು. ಬ್ರೆಂಡಾ ಜಯೇಶನನ್ನು ಕರೆದು, ನೀನು ಮಾಡಿದ್ದನ್ನು ನೀನೇ ಸರಿಮಾಡು ಎಂದರು. ಸರಿಮಾಡಿದರೆ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ.

ಜಯೇಶ್ ಟಾಯ್ಲೆಟ್ಟಿನಲ್ಲಿ ನಿಂತು ಹೆಂಡತಿ ನಿಶ್ಮಿತಾಳಿಗೆ ಫೋನ್ ಮಾಡಿದ. ಅವಳು ಮೊದಲು ತುಳುವಿನಲ್ಲಿ ಹೊಟ್ಟೆತುಂಬ ಬೈದಳು, ಆಮೇಲೆ ದಾರಿ ತೋರಿಸಿದಳು. ನಮ್ಮ ಬಾಡಿಗೆ ಮನೆಯೇನು ಸರಕಾರಿ ಕಟ್ಟಡವೇ? ರಿಂಪೋಚೆ ನಮ್ಮ ಕಡೆಯವರೆಂದು ಊಟಕ್ಕೆ ಬರಲಿ. ಮೇಯರಮ್ಮ ನೌಕರನ ಮನೆಗೆ ನೀರುದೋಸೆ ತಿನ್ನಲು ಬರಲಿ. ಇಬ್ಬರೂ ಒಂದೇ ಮೇಜಿಗೆ ಕೂತರೆ ಅದಕ್ಕೆ ಯಾರೇನು ಮಾಡಲಾಗುತ್ತದೆ?

ಮಧ್ಯಾಹ್ನ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಪಕ್ಕದ ಮನೆಯ ಧಾರವಾಡದ ಚನ್ನಕ್ಕ ಸುದ್ದಿ ತಿಳಿದದ್ದೇ ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ಬಂದಿದ್ದರು. ರಿಂಪೋಚೆ ದೋಸೆ ಹಾಕಿಸಿಕೊಳ್ಳುತ್ತಲೇ ಇದ್ದರು, ಬ್ರೆಂಡಾ ಕೈಯಲ್ಲೇ ತಿನ್ನಲು ಕಲಿಯುತ್ತಿದ್ದರು. ಜಯೇಶ್ ನೆಮ್ಮದಿಯಿಂದ ಕಿಟಕಿಯ ಕಡೆ ತಿರುಗಿದ. ಎದುರು ರಸ್ತೆಯಲ್ಲಿ, ಸುಡುಬಿಸಿಲಲ್ಲಿ, ಕಾರಿನೊಳಗೆ ಕಾನ್ಸಲ್ ಸಾಹೇಬರು. ಮೇಯರ್ ಎಲ್ಲಿಗೆ ಹೋಗುತ್ತಾರೆಂದು ಹಿಂಬಾಲಿಸಿಕೊಂಡು ಬಂದಿದ್ದರು.

ಅವನು ಕಿಟಕಿಗೆ ಓಡಿದ. ಪರದೆ ಎಳೆಯೋಣವೆಂದುಕೊಳ್ಳುವಷ್ಟರಲ್ಲಿ ಚನ್ನಕ್ಕನೂ ನೋಡಿಬಿಟ್ಟಿದ್ದರು. ಅವರಿಗೆ ಕಾಣಿಸಿದ್ದು ಕಾನ್ಸಲ್ ಅಲ್ಲ, ಹಸಿದು ಕೂತ ಮನುಷ್ಯ. ತಡೆಯುವ ಮೊದಲೇ ರಸ್ತೆ ದಾಟಿ ಕಾರಿನ ಬಾಗಿಲು ತೆಗೆದಿದ್ದರು.

"ಉಣ್ಣೂ ಹೊತ್ತಿನ್ಯಾಗ ಬಿಸಲಾಗ ಯಾಕ ಕುಂತೀರಿ? ನಡೀರಿ ಒಳಗ."

ತಾನು ಡ್ಯೂಟಿಯಲ್ಲಿದ್ದೇನೆ ಎಂದು ಸಾಹೇಬರು ಇಂಗ್ಲಿಷಿನಲ್ಲಿ ಗೋಗರೆದರು. ಡ್ಯೂಟಿ ಉಂಡು ಮಾಡ್ರಿ ಎಂದು ಚನ್ನಕ್ಕ ರಟ್ಟೆ ಹಿಡಿದು ಕರೆತಂದರು. ಖಾಲಿಯಿದ್ದದ್ದು ಒಂದೇ ಕುರ್ಚಿ, ರಿಂಪೋಚೆಯ ಪಕ್ಕದ್ದು. ಏಳಲು ಹೋದಾಗಲೆಲ್ಲ ಚನ್ನಕ್ಕ ಭುಜ ಒತ್ತಿ ಕೂರಿಸಿ ಇನ್ನೊಂದು ಬದನೆಕಾಯಿ ಬಡಿಸಿದರು. ಮೊದಲ ತುತ್ತಿಗೇ ಸಾಹೇಬರ ಕಣ್ಣು ಮೂಗು ಸುರಿಯತೊಡಗಿತು.

"ಖಾರ ಜಾಸ್ತಿ ಆಯ್ತಾ?" ಎಂದು ರಿಂಪೋಚೆ ರೂಢಿಯಂತೆ ಕನ್ನಡದಲ್ಲೇ ಕೇಳಿ, ಮೊಸರಿನ ಬಟ್ಟಲನ್ನು ಅವರ ಕೈಗೆ ಕೊಟ್ಟರು.

ಸಾಹೇಬರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ತಲೆಬಾಗಿದ ಅದೇ ಕ್ಷಣದಲ್ಲಿ ಬ್ರೆಂಡಾ ತಮ್ಮ ಮೊಬೈಲಿನಲ್ಲಿ ಒಂದು ಫೋಟೋ ತೆಗೆದರು. ಸುಮ್ಮನೆ, ನೆನಪಿಗೆ. ಆ ಫೋಟೋ ಸಾಹೇಬರ ಸರಕಾರಕ್ಕೆ ಹೋಗಬಾರದಲ್ಲ, ಆಮೇಲೆ ಮಾತುಕತೆ ಬೇಗ ಮುಗಿಯಿತು. ಮೇಯರ್ ರಿಂಪೋಚೆಯನ್ನು ಖಾಸಗಿಯಾಗಿ ಕಂಡರು ಎಂದು ಪತ್ರಿಕೆಗೆ ಒಂದು ಸಾಲು ಹೋಗುತ್ತದೆ, ಸಿಂಹಗಳು ಪಾರ್ಕಿಗೆ ಬರುತ್ತವೆ. ಎಲ್ಲಿ ಕಂಡರು, ಪಕ್ಕದಲ್ಲಿ ಯಾರಿದ್ದರು ಎಂಬುದು ಯಾವತ್ತೂ ಯಾರ ಬಾಯಿಂದಲೂ ಬರಕೂಡದು. ಈ ಮನೆಯಲ್ಲಿ ಇಂದು ಊಟವೇ ನಡೆದಿಲ್ಲ. ಒಪ್ಪಂದವಾದ ಮೇಲೆ ಸಾಹೇಬರು ಇನ್ನೊಂದು ದೋಸೆ ಹಾಕಿಸಿಕೊಂಡರು.

ಎರಡು ಸರಕಾರಗಳನ್ನು ಒಂದೇ ಮೇಜಿನಲ್ಲಿ ಪಳಗಿಸಿದ ಜಯೇಶ್ ಎದೆ ಉಬ್ಬಿಸಿಕೊಂಡೇ ಕಚೇರಿಗೆ ಮರಳಿದ. ಬ್ರೆಂಡಾ ಬಾಗಿಲು ಹಾಕಿ ಅವನನ್ನು ಬಾಯ್ತುಂಬ ಹೊಗಳಿದರು. ಅವನು ನಾಚಿಕೊಳ್ಳುತ್ತ ಖಾಯಂ ಮಾಡುವ ಮಾತೆತ್ತಿದ.

ಬ್ರೆಂಡಾ ನಿಜಕ್ಕೂ ಸಂಕಟಪಟ್ಟರು. ಖಾಯಂ ಮಾಡಬೇಕಾದರೆ ಇವನು ಮಾಡಿದ ದೊಡ್ಡ ಕೆಲಸ ಏನೆಂದು ಸಮಿತಿಗೆ ಹೇಳಬೇಕು. ಏನೆಂದು ಹೇಳುವುದು? ಅಂಥದ್ದೇನೂ ನಡೆದೇ ಇಲ್ಲವಲ್ಲ. ಅವರು ನಿಟ್ಟುಸಿರುಬಿಟ್ಟು ಕಂಪ್ಯೂಟರಿನ ಕಡೆ ತಿರುಗಿದರು.

"ಅಂದಹಾಗೆ ಜಯೇಶ್, ಮಧ್ಯಾಹ್ನ ಪೂರ್ತಿ ನೀನು ಸೀಟಿನಲ್ಲಿ ಇರಲಿಲ್ಲವಂತೆ. ಎಲ್ಲಿ ಹೋಗಿದ್ದೆ?"

ಜಯೇಶ್ ತನ್ನ ಹೊಟ್ಟೆ ಸರಿಯಿರಲಿಲ್ಲ ಎಂದ. ಬ್ರೆಂಡಾ ಅಯ್ಯೋ ಪಾಪ ಎಂದು, ಅರ್ಧ ದಿನದ ಸಂಬಳ ಹಿಡಿದರು.