ಪರದೆಯ ಹಿಂದಿನ ಅಂಜುಬುರುಕಿ

ನಮ್ಮ ಚಿಕ್ಕಮ್ಮನಂಥ ಧೈರ್ಯವಂತೆ ಇಡೀ ಕಾರವಾರದಲ್ಲೇ ಇಲ್ಲ ಎಂದರೆ ಅವಳನ್ನು ಬಲ್ಲವರು ಬಿದ್ದು ಬಿದ್ದು ನಕ್ಕಾರು. ನಗಲಿ! ಹಲ್ಲಿ ಲೊಚಗುಟ್ಟಿದರೆ ಬೆಚ್ಚುವ, ಫೋನು ಬಂದರೆ ಮೊದಲು ಕುರ್ಚಿ ಹುಡುಕಿ ಕೂತು ಆಮೇಲೆ ಎತ್ತುವ, ಗ್ಯಾಸ್ ಸಿಲಿಂಡರಿಗೆ ದಿನಾ ಕೈಮುಗಿಯುವ ಹೆಂಗಸು ಅವಳು. ಸದಾಶಿವಗಡದ ಬಸ್ಸು ಕಾಳಿ ಸೇತುವೆ ಹತ್ತಿತೋ, ಕಣ್ಣು ಮುಚ್ಚಿ ಎರಡೂ ಕಾಲು ಮೇಲೆತ್ತಿ ಕೂರುತ್ತಾಳೆ. ಯಾಕಂತೆ? "ನನ್ನ ಭಾರ ಆದ್ರೂ ಸೇತುವೆ ಮೇಲೆ ಬೀಳೂದು ಬ್ಯಾಡ!"

ಅಂಕೋಲೆಯ ಒಳಗಿನ ಹಳ್ಳಿಯಿಂದ ಮದುವೆಯಾಗಿ ಬಂದವಳು. ಮನೆಯಿಂದ ಕಾರವಾರದ ಕಡಲತೀರ ಹತ್ತು ನಿಮಿಷದ ದಾರಿ. ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಅಲ್ಲಿ ಕಾಲು ನೆನೆಸಿರಲಿಲ್ಲ. ಚಿಕ್ಕಪ್ಪ ಮಾತ್ರ ಸಂಜೆಯಾದರೆ ಗೆಳೆಯರ ಜೊತೆ ಅಲ್ಲಿಗೇ. "ನಾನೂ ಬರ್ಲಾ?" ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದಳಂತೆ. "ಅಲೆ ಕಂಡ್ರೆ ನಿನ್ನ ಜೀವ ಹೋಗ್ತದೆ ಮಾರಾಯ್ತಿ, ಮನೇಲೇ ಇರು" ಎಂದರಂತೆ. ಆಮೇಲೆ ಅವಳು ಕೇಳಲಿಲ್ಲ.

ಊರಿನ ಎಲ್ಲರ ಕೈಗೂ ಮೊಬೈಲು ಬರತೊಡಗಿದ್ದ ವರ್ಷಗಳಲ್ಲಿ ಚಿಕ್ಕಪ್ಪ ಒಂದು ನಾಟಕ ಬರೆದರು. ವಿಷಯ, ದಾಂಪತ್ಯ ಮತ್ತು ಆಸೆ! ಬರೆದವರು, ಆಡಿಸುವವರು, ನಾಯಕ ಎಲ್ಲಾ ತಾವೇ. "ನಮ್ಮ ಕಡೆಯ ಎಲ್ಲಾ ನಮೂನೆ ಜನ ರಂಗದ ಮೇಲೆ ಬರ್ಬೇಕು" ಎಂಬುದು ಅವರ ಹಟ. ಮೀನುಗಾರನ ಪಾತ್ರಕ್ಕೆ ಸದಾಶಿವಗಡದ ಮೀನುಗಾರನೇ ಬಂದ. ಭಟ್ಟರ ಪಾತ್ರಕ್ಕೆ ಭಟ್ಟರೇ. ನೌಕಾನೆಲೆಗೆ ಗದ್ದೆ ಬಿಟ್ಟುಕೊಟ್ಟ ಚೆಂಡಿಯಾದ ರೈತ, ಸೈಕಲ್ಲಿನಲ್ಲಿ ಪಾವು-ಬ್ರೆಡ್ಡು ಮಾರುವ ಕ್ರಿಶ್ಚಿಯನ್, ಹಿಂದಿ ಬಿಟ್ಟರೆ ಬೇರೆ ಬಾರದ ನೌಕಾದಳದ ಸಾಹೇಬ, ಯಾರನ್ನೂ ಬಿಡಲಿಲ್ಲ. ಹೆಂಡತಿಯ ಮನಸ್ಸಿನಲ್ಲಿ ಏನಿರುತ್ತದೆ ಎಂದು ಇವರೆಲ್ಲ ತಂತಮ್ಮ ಭಾಷೆಯಲ್ಲಿ ನಾಯಕನಿಗೆ ತಿಳಿಹೇಳುವುದೇ ಕಥೆ. ಮತ್ತೆ ಆ ಹೆಂಡತಿಗೆ? ಮೂರು ಮಾತು. "ಚಾ ತರಲೇ?", "ಅಯ್ಯೋ!", "ನೀವು ಹೇಳಿದ ಹಾಗೆ". ಅಷ್ಟಕ್ಕೆ ಹುಬ್ಬಳ್ಳಿಯಿಂದ ಒಬ್ಬ ನಟಿಯನ್ನು ಕರೆಸುವುದೆಂದಾಯಿತು.

ಚಿಕ್ಕಪ್ಪನ ಕಾಗೆಕಾಲಿನ ಅಕ್ಷರ ಓದಬಲ್ಲವಳು ಈ ಭೂಮಿಯ ಮೇಲೆ ಚಿಕ್ಕಮ್ಮ ಒಬ್ಬಳೇ. ಹಾಗಾಗಿ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಪ್ರಾಂಪ್ಟರ್ ಕೆಲಸ ಅವಳ ಪಾಲಿಗೆ ಬಂತು. ಅಲ್ಲಿ ಕತ್ತಲೆ ಎಂದು ಅವಳಿಗೆ ಹೆದರಿಕೆ. ಬ್ಯಾಟರಿ ಹಿಡಿದು ನಿಲ್ಲುವ ಕೆಲಸ ನನ್ನದು. ತಾವೇ ಬರೆದ ಮಾತು ಮರೆತಾಗಲೆಲ್ಲ ಚಿಕ್ಕಪ್ಪ ಗಾಂಭೀರ್ಯದಿಂದ ಪರದೆಯ ಹತ್ತಿರ ಬಂದು, ಕಿವಿ ವಾಲಿಸಿ, "ಮುಂದೆ?" ಎನ್ನುತ್ತಿದ್ದರು. ತಾಲೀಮಿನಲ್ಲಿ ಅವರು ಅತಿ ಹೆಚ್ಚು ಆಡಿದ ಮಾತು ಅದೇ.

ಒಂದು ದಿನ ಚಿಕ್ಕಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಎಲ್ಲಾರೂ ಬಂದ್ರು. ಹೆಂಡ್ತಿಗೆ ಯಂತಾ ಆಸೆ ಅಂತ ಹೆಂಡ್ತಿನ್ನೇ ಯಾರೂ ಕೇಳೂದಿಲ್ವಲ್ಲೇ?"

"ಚಿಕ್ಕಪ್ಪನಿಗೇ ಹೇಳು."

"ಅಯ್ಯಯ್ಯೋ! ನಂಗೆ ಹೆದ್ರಿಕೆ!"

ಅಂಕೋಲೆಯ ಒಂದು ಸಭಾಂಗಣದಲ್ಲಿ ಪ್ರದರ್ಶನ. ನಟಿ ಮಧ್ಯಾಹ್ನದ ಬಸ್ಸಿಗೆ ಬಂದಿಳಿದವಳು, ಪುಸ್ತಕ ಮುಟ್ಟಿರಲಿಲ್ಲ. "ನೀವು ಒಳಗಿಂದ ಹೇಳ್ರಿ, ನಾ ಹೊರಗ ಹೇಳ್ತೀನಿ" ಎಂದಳು. ಕೊನೆಯ ದೃಶ್ಯ ಬಂತು. ಚಿಕ್ಕಪ್ಪ ಎದೆಯುಬ್ಬಿಸಿ, "ಎಲ್ಲರನ್ನೂ ಕೇಳಿದೆ. ನಿನ್ನ ಆಸೆ ಏನೆಂದು ನನಗೀಗ ತಿಳಿಯಿತು!" ಎಂದು ಗುಡುಗಿದರು. ನಟಿ ನಮ್ಮ ಕಡೆ ಕಿವಿ ಕೊಟ್ಟಳು.

ಚಿಕ್ಕಮ್ಮ ಪುಸ್ತಕ ಮುಚ್ಚಿಬಿಟ್ಟಳು! ಬ್ಯಾಟರಿಯ ಬೆಳಕಿನಲ್ಲಿ ನೋಡಿದರೆ ಅವಳ ತುಟಿ ನಡುಗುತ್ತಿತ್ತು, ಹಣೆ ಬೆವೆತಿತ್ತು. "ಬೇಡ ಚಿಕ್ಕಮ್ಮಾ" ಎಂದು ಅವಳ ಸೆರಗು ಹಿಡಿದೆಳೆದೆ. ಅವಳು ಪಿಸುಗುಟ್ಟಿದಳು. ನಟಿ ಒಂದಕ್ಷರ ಬಿಡದೆ, ತನ್ನ ಊರಿನ 'ರೀ' ಸೇರಿಸಿ, ಸಭಾಂಗಣ ನಡುಗುವಂತೆ ಹೇಳಿದಳು.

"ಎಲ್ಲಾರನ್ನೂ ಕೇಳಿದ್ರಿ. ನನ್ನ ಕೇಳಿದ್ರೇನ್ರೀ? ನಿಮ್ಮ ಕೈ ಹಿಡಕೊಂಡು ಒಂದ್ಸಲ ಸಮುದ್ರದಾಗ ಕಾಲು ಅದ್ದಬೇಕ್ರೀ. ಇಪ್ಪತ್ತೆಂಟು ವರ್ಷದಿಂದ ನನಗಿರೋ ಆಸೆ ಅಷ್ಟರೀ!"

ಚಿಕ್ಕಪ್ಪನ ಮುಖ ಬಣ್ಣದ ಒಳಗೇ ಬಿಳಿಚಿಕೊಂಡಿತು. ಪರದೆಯ ಹತ್ತಿರ ಬಂದರು. "ಮುಂದೆ?" ಚಿಕ್ಕಮ್ಮ ಸುಮ್ಮನಿದ್ದಳು. "ಮುಂದೆ ಯಂತದೇ?" ಸುಮ್ಮನೇ. ಕೊನೆಗೆ ಹೆಂಗಸರ ಸಾಲಿನಿಂದ ಯಾರೋ, "ಹ್ಞೂಂ ಅನ್ನಿ ಮಾರಾಯ್ರೇ!" ಎಂದು ಕೂಗಿದರು. "ನಾಳೆ... ನಾಳೆ ಹೋಗುವಾ" ಎಂದು ಚಿಕ್ಕಪ್ಪ ತೊದಲಿದರು. ಪರದೆ ಬಿತ್ತು. ಎಂಥ ಚಪ್ಪಾಳೆ!

ಕಾರವಾರದವರೆಗೂ ಬಸ್ಸಿನಲ್ಲಿ ಚಿಕ್ಕಪ್ಪ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಿದ್ದರು. ಚಿಕ್ಕಮ್ಮ ಸೇತುವೆಯೇ ಇಲ್ಲದ ಕಡೆಯೂ ಎರಡು ಕಾಲು ಎತ್ತಿಕೊಂಡೇ ಕೂತಿದ್ದಳು. "ಇವ್ರು ಇನ್ನು ನನ್ನ ಸಂಗಡ ಮಾತೇ ಬಿಟ್ರೆ ಯಂತಾ ಮಾಡೂದೇ?" ಎಂದು ನನ್ನ ಕೈ ಹಿಡಿದಳು. ನನಗೂ ಅದೇ ಭಯವಿತ್ತು.

ಮರುದಿನ ಸಂಜೆ ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಚಪ್ಪಲಿ ಹಾಕ್ಕೋ" ಎಂದರು. ಚಿಕ್ಕಮ್ಮ ನನ್ನನ್ನೂ ಎಳೆದುಕೊಂಡು ಹೊರಟಳು. ಕಡಲತೀರದಲ್ಲಿ ಇಬ್ಬರ ಚಪ್ಪಲಿಯೂ ನನ್ನ ಕೈಗೆ ಬಂತು. ಚಿಕ್ಕಪ್ಪ ಪ್ಯಾಂಟು ಮಡಚಿ ಒದ್ದೆ ಮರಳಿನ ಅಂಚಿಗೆ ಹೋಗಿ ನಿಂತರು. ಒಂದು ಪುಟ್ಟ ಅಲೆ ಬಂತು. ಹಿಂದಕ್ಕೆ ಹಾರಿದವರು ಚಿಕ್ಕಪ್ಪ!

"ನೀವು ದಿನಾ ಬರ್ತ್ರಲ್ಲ?" ಚಿಕ್ಕಮ್ಮ ಕಣ್ಣರಳಿಸಿದಳು.

"ಕಟ್ಟೆ ಮೇಲೆ ಕೂತು ಬರೂದು." ಅವರು ತಲೆ ತಗ್ಗಿಸಿದರು. "ನಂಗೂ ಹೆದ್ರಿಕೆ ಮಾರಾಯ್ತಿ. ನಿಂಗೆ ಗೊತ್ತಾಗೂದು ಬ್ಯಾಡ ಅಂತ್ಲೇ ಕರ್ಕೊಂಡು ಬರ್ಲಿಲ್ಲ."

ಚಿಕ್ಕಪ್ಪ ರಂಗದ ಮೇಲೆ ಮಾಡುತ್ತಿದ್ದಂತೆಯೇ ಅವಳ ಕಡೆ ಕಿವಿ ವಾಲಿಸಿದರು.

"ಮುಂದೆ?"

ಚಿಕ್ಕಮ್ಮ ನಡುಗುತ್ತಲೇ ಎತ್ತಿಕೊಟ್ಟಳು. "ಕೈ ಹಿಡ್ಕೊಳ್ಳಿ. ಒಂದು ಹೆಜ್ಜೆ ಮುಂದೆ."

ಹಿಡಿದುಕೊಂಡರು. ಇಬ್ಬರೂ ಒಂದು ಹೆಜ್ಜೆ ಇಟ್ಟರು. ಅಲೆ ಬಂತು. ಚಿಕ್ಕಮ್ಮ ಕಾಲು ಎತ್ತಲಿಲ್ಲ.