ಜಗಳ ಬಿಡಿಸುವ ಮನೆಯ ಬಾಕ್ಸರ್

ನಮ್ಮ ತಂದೆ ಧಾರವಾಡದಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು. ಮಾವನವರು ವಕೀಲರು, ಬೆಳಗಾವಿಯಿಂದ ಬಂದು ಪುಣೆಯಲ್ಲಿ ನೆಲೆಸಿದವರು. ಓಣಿಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಮೊದಲು ನಮ್ಮ ಮನೆಗೆ ಬರುತ್ತಿದ್ದರು, ಕೋರ್ಟಿಗೆ ಆಮೇಲೆ. ಎಷ್ಟೋ ಜನ ಚಹಾ ಕುಡಿದು ರಾಜಿಯಾಗಿಯೇ ಹೋಗುತ್ತಿದ್ದರು. ಜಗಳ ಬಿಡಿಸುವುದು ನಮ್ಮ ಮನೆತನದ ಕೆಲಸ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳ ಕೈಯಲ್ಲಿ ಬೆನ್ನು ನೆಟ್ಟಗೆ ಮಾಡಿಸಿಕೊಂಡವಳು. ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಕಿರಿಯ ಮಗ ಹೆವಿವೇಟ್ ಬಾಕ್ಸರ್. ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ.

ಹೀಗಾಗಿ ನಮ್ಮ ಮನೆಯಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ನಡೆಯದೆ ಉಳಿದದ್ದು ಅವನ ಮದುವೆ ಮಾತ್ರ. "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿ ಉತ್ತರ ಸಿಕ್ಕ ಕೂಡಲೇ ಹೆಣ್ಣಿನ ಕಡೆಯವರು ಚಪ್ಪಲಿ ಹುಡುಕತೊಡಗುತ್ತಾರೆ.

ತೂಕದ ದಿನ

ಉಳಿದ ಬಾಕ್ಸರುಗಳು ಪಂದ್ಯಕ್ಕೆ ಮೊದಲು ಉಪವಾಸ ಬಿದ್ದು ತೂಕ ಇಳಿಸುತ್ತಾರೆ. ಹೆವಿವೇಟಿನವರಿಗೆ ಆ ಕಷ್ಟವಿಲ್ಲ. ಅವರ ತೂಕಕ್ಕೆ ಕೆಳಗಡೆ ಮಿತಿ ಉಂಟು, ಮೇಲ್ಗಡೆ ಇಲ್ಲ. ಒಂದು ಆಟದಲ್ಲಾದರೂ ತಾಯಂದಿರ ಮಾತು ನಡೆಯಿತಲ್ಲ ಎಂದು ನನಗೆ ಸಮಾಧಾನ.

ಒಮ್ಮೆ ಮಗನಿಗೆ ಜ್ವರ ಬಂದು ಹೋಗಿತ್ತು. ಪಂದ್ಯದ ಹಿಂದಿನ ದಿನ ತೂಗಿದರೆ ಸ್ವಲ್ಪ ಕಡಿಮೆ ಬಂತು. ಕೋಚ್ ತಲೆಯ ಮೇಲೆ ಕೈ ಹೊತ್ತು ಬಾಳೆಹಣ್ಣು ತರಲು ಓಡಿದರು. ನಾನು ಅಲ್ಲೇ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆ. ಹೋಳಿಗೆ, ಮೇಲೆ ತುಪ್ಪ. ಎದುರು ಬೆಂಚಿನಲ್ಲಿ ಮರುದಿನದ ಎದುರಾಳಿ ಕೂತಿದ್ದ. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ, ಕಪಾಟಿನಂಥ ಹುಡುಗ. ಅವನ ಕಣ್ಣು ಡಬ್ಬಿಯ ಮೇಲೆಯೇ ಇತ್ತು. ಎದುರಿಗಿದ್ದವರನ್ನು ಬಿಟ್ಟು ಉಣ್ಣುವುದು ನಮ್ಮ ಮನೆಯ ಪದ್ಧತಿಯಲ್ಲ. ಅವನಿಗೂ ಬಡಿಸಿದೆ. ಮಗನಿಗಿಂತ ಹೆಚ್ಚೇ ತಿಂದ.

ಮಗನ ತೂಕ ಸರಿಬಂತು. ಮರುದಿನ ರಿಂಗ್ ಹತ್ತುವ ಮೊದಲು ಆ ಹುಡುಗ ಸೀದಾ ನನ್ನ ಬಳಿ ಬಂದು ಕಾಲಿಗೆ ಬಿದ್ದ. "ಗೆದ್ದು ಬಾ ಮಗನೇ" ಎಂದು ಆಶೀರ್ವಾದ ಮಾಡಿದೆ. ಕಾಲಿಗೆ ಬಿದ್ದವರಿಗೆ ಇನ್ನೇನು ಹೇಳುವುದು?

ಹಗ್ಗದ ಒಳಗಿಂದ ನನ್ನ ಮಗ ಕೂಗಿದ: "ಅವ್ವಾ, ನೀ ಯಾರ ಕಡೀಕಿದ್ದೀ?"

ಪಂದ್ಯ ಸಮನಾಯಿತು. ಇಬ್ಬರಿಗೂ ಹೋಳಿಗೆ ಹಾಕಿದ್ದೆನಲ್ಲ!

ಸಾರಿ

ಯಾರಿಗಾದರೂ ಕೈ ತಾಕಿದರೆ ಸಾರಿ ಅನ್ನಬೇಕು. ಇದನ್ನು ಮಗನಿಗೆ ನಡೆಯಲು ಬರುವ ಮೊದಲೇ ಕಲಿಸಿದ್ದೇನೆ. ಮೊದಲ ದೊಡ್ಡ ಪಂದ್ಯದಲ್ಲಿ ಅವನು ದೌಂಡ್ ಊರಿನ ಒಬ್ಬ ಆಳಿಗೆ ಮೂಗಿನ ಮೇಲೆ ಒಂದು ಬಿಟ್ಟ. ಬಿಟ್ಟವನೇ "ಸಾರಿ" ಅಂದ.

ಆ ಆಳೂ ಒಳ್ಳೆಯ ಮನೆಯವನೇ ಇರಬೇಕು. "ಅಸೂದ್ಯಾ, ಇರಲಿ ಬಿಡು" ಎನ್ನಲು ಕೈ ಕೆಳಗಿಳಿಸಿದ. ಅಷ್ಟರಲ್ಲಿ ಎರಡನೆಯದು ಬಿತ್ತು. ಎದ್ದು ನಿಂತು ಮೂಗು ಒರೆಸಿಕೊಳ್ಳುತ್ತಾ ರೆಫರಿಗೆ ದೂರು ಹೇಳಿದ:

"ಸಾಹೇಬ್ರ, ಇವ ಹೊಡದದ್ದು ನೋವಾಗಲಿಲ್ಲ. ಸಾರಿ ಅಂದು ಮೋಸ ಮಾಡಿದ!"

ಆಫೀಸು

ಕೊನೆಗೂ ಬೆಳಗಾವಿಯಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗಿ ಓದಿದವಳು. ತಂದೆ ಬ್ಯಾಂಕಿನಿಂದ ನಿವೃತ್ತರು. ತಾಯಿ, ನನ್ನ ಹಾಗೆಯೇ, ಕೂತಲ್ಲಿ ಬೆನ್ನು ಬಾಗಿಸದವರು. ಮಗ ಸ್ಪೋರ್ಟ್ಸ್ ಲೈನಿನಲ್ಲಿದ್ದಾನೆ ಎಂದಷ್ಟೇ ಹೇಳಿದ್ದೆವು. ಅದು ಸುಳ್ಳಲ್ಲ.

ಅವರು ಬರುವ ಹಿಂದಿನ ದಿನವೇ ಅಭ್ಯಾಸದಲ್ಲಿ ಮಗನ ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅವಲಕ್ಕಿ ಬಂತು, ಚಹಾ ಬಂತು, ಯಾರೂ ಏನೂ ಕೇಳಲಿಲ್ಲ. ಕೊನೆಗೆ ಹುಡುಗಿಯ ತಂದೆಗೆ ತಡೆಯಲಾಗಲಿಲ್ಲ.

"ಕಣ್ಣಿಗೆ ಏನಾಗೇದ್ರಿ?"

"ಆಫೀಸ್‌ನಾಗ ಸ್ವಲ್ಪ ಕೆಲಸ ಜಾಸ್ತಿ ಆತ್ರಿ" ಎಂದರು ನಮ್ಮ ಯಜಮಾನರು.

"ಎಂಥಾ ಆಫೀಸ್ರಿ ಅದು?"

ನಮ್ಮ ಮಗನಿಗೆ ಸುಳ್ಳು ಹೇಳಲು ಬರುವುದಿಲ್ಲ. ಎಲ್ಲ ಹೇಳಿಬಿಟ್ಟ. ತಂದೆ ಬಾಗಿಲ ಕಡೆ ನೋಡಿದರು. ತಾಯಿ ಚಹಾದ ಕಪ್ ಕೆಳಗಿಟ್ಟರು. ಆಗ ಹುಡುಗಿ ತಲೆ ಎತ್ತಿ ಮಗನನ್ನು ಕೇಳಿದಳು:

"ನಿಮಗ ಹೊಡದವ್ರ ಕಣ್ಣು ಹೆಂಗದ್ರಿ?"

ಟವೆಲ್

ಹುಡುಗಿಯ ಹಟಕ್ಕೆ ತಂದೆತಾಯಿ ಒಪ್ಪಿದರು. ಆದರೆ ಒಂದು ಶರತ್ತು: ಒಂದು ಪಂದ್ಯ ಕಣ್ಣಾರೆ ನೋಡಿ, ಆಮೇಲೆ ಹೌದೋ ಅಲ್ಲವೋ ಹೇಳುತ್ತೇವೆ.

ಪಂದ್ಯದ ದಿನ ಎಲ್ಲರೂ ಮುಂದಿನ ಸಾಲಿನಲ್ಲಿ ಕೂತೆವು. ಮಗ ಗೆಲ್ಲುತ್ತಲೇ ಇದ್ದ. ಹುಡುಗಿ ಎದ್ದು ನಿಂತು ಕೂಗುತ್ತಿದ್ದಳು. ತಂದೆಯೂ ಸಣ್ಣಗೆ ಮುಷ್ಟಿ ಬಿಗಿದಿದ್ದರು. ನನ್ನ ಕಣ್ಣು ಮಾತ್ರ ಕೋಚ್ ಹೆಗಲ ಮೇಲಿದ್ದ ಟವೆಲ್ ಮೇಲೆ. ಒಂದು ಕಾಲಕ್ಕೆ ಅದು ಬಿಳಿ ಇದ್ದಿರಬೇಕು. ಪ್ರತಿ ರೌಂಡ್ ಮುಗಿದಾಗಲೂ ಅದರಿಂದ ಮೊದಲು ಸ್ಟೂಲ್ ಒರೆಸುತ್ತಿದ್ದರು, ಆಮೇಲೆ ನನ್ನ ಮಗನ ಮುಖ. ಅದೂ ಬೀಗರಾಗುವವರ ಎದುರಿಗೆ!

ನನ್ನ ಚೀಲದಲ್ಲಿ ಒಗೆದು ಇಸ್ತ್ರಿ ಮಾಡಿದ ಬಿಳಿ ಟವೆಲ್ ಸದಾ ಇರುತ್ತದೆ. "ಕೋಚ್ ಸಾಹೇಬ್ರ, ಇದನ್ನ ತಗೋರಿ" ಎಂದು ಕರೆದೆ. ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅಷ್ಟರಲ್ಲಿ ಮುಂದಿನ ರೌಂಡ್ ಶುರುವಾಯಿತು. ನಾನು ಎದ್ದು ಕೋಚ್ ಪಕ್ಕಕ್ಕೇ ಹೋಗಿ, ಟವೆಲ್ ಸುತ್ತಿ, ಮಗನ ಕಡೆಗೆ ಎಸೆದೆ. ಶಾಲೆಯಲ್ಲಿ ನಾನು ಥ್ರೋಬಾಲ್ ಕ್ಯಾಪ್ಟನ್. ಟವೆಲ್ ರಿಂಗಿನ ನಟ್ಟನಡುವೆ ಬಿತ್ತು.

ರೆಫರಿ ಎರಡೂ ಕೈ ಬೀಸಿ ಪಂದ್ಯ ನಿಲ್ಲಿಸಿದರು.

"ಕಾಕೂ! ಹೇ ಕಾಯ್ ಕೇಲಂತ ತುಮ್ಹೀ?" ಇದೇನು ಮಾಡಿಬಿಟ್ಟಿರಿ ಎಂದು ಕೋಚ್ ಮರಾಠಿಯಲ್ಲಿ ಕಿರುಚಿದರು.

"ಸ್ವಚ್ಛ ಅದರೀ, ಇಸ್ತ್ರಿ ಮಾಡೇನಿ" ಎಂದೆ.

ಬಾಕ್ಸಿಂಗಿನಲ್ಲಿ ನಮ್ಮ ಮೂಲೆಯಿಂದ ಟವೆಲ್ ಎಸೆದರೆ 'ನಾವು ಸೋತೆವು, ಸಾಕು ಮಾಡಿ' ಎಂದು ಅರ್ಥವಂತೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ಮೈಕಿನವರು ಗದ್ಗದ ದನಿಯಲ್ಲಿ ಘೋಷಿಸಿಬಿಟ್ಟರು: "ಮಗನ ನೋವು ನೋಡಲಾರದೆ ತಾಯಿ ಸೋಲು ಒಪ್ಪಿಕೊಂಡಿದ್ದಾರೆ!" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಂಡಳು. ನೋವಂತೆ ನೋವು! ನನ್ನ ಮಗನಿಗೆ ಬೆವರು ಬಿಟ್ಟರೆ ಏನೂ ಆಗಿರಲಿಲ್ಲ.

ಮಗ ಆ ಟವೆಲ್ ಎತ್ತಿಕೊಂಡು ಮುಖ ಒರೆಸಿಕೊಂಡ. "ಭಾಳ ಮೆತ್ತಗ ಅದ ಅವ್ವಾ" ಎಂದ. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ಬೆಳೆಸಿದ್ದು ಹಾಗೆ.

ಹೊರಗೆ ಬಂದಾಗ ಹುಡುಗಿಯ ತಾಯಿ ನನ್ನ ಕೈ ಹಿಡಿದು ಬಹಳ ಮರ್ಯಾದೆಯಿಂದ ಹೇಳಿದರು:

"ಹುಡುಗ ನಮಗ ಪಸಂದ ಅದಾನ್ರಿ. ಅತ್ತಿ ಬಗ್ಗೆ ಸ್ವಲ್ಪ ವಿಚಾರ ಮಾಡಬೇಕ್ರಿ. ಗೆಲ್ಲೂ ಹೊತ್ತಿನ್ಯಾಗ ಸೋಲು ಒಪ್ಪಿಬಿಟ್ರಲ್ರೀ!"

ಅವರು ಇನ್ನೂ ವಿಚಾರ ಮಾಡುತ್ತಿದ್ದಾರೆ. ಹುಡುಗಿ ದಿನಾ ಫೋನ್ ಮಾಡಿ ನಗುತ್ತಾಳೆ, ಆದರೆ ಹೂಂ ಅನ್ನಬೇಕಾದವರು ತಾಯಿ. ಆದ್ದರಿಂದ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಊರವರ ಜಗಳಗಳು ರಾಜಿಯಾಗಿವೆ. ನಮ್ಮವರು ಯಾರೂ ಯಾವತ್ತೂ ಸೋಲು ಒಪ್ಪಿದ್ದಿಲ್ಲ, ನಾನಂತೂ ಮೊದಲೇ ಇಲ್ಲ. ನಾನು ಎಸೆದದ್ದು ಟವೆಲ್. ಎಸೆದ ಕಾರಣ, ಅಲ್ಲಿದ್ದದ್ದು ಹೊಲಸಾಗಿತ್ತು. ಮೈಕಿನಲ್ಲಿ ಆಡಿದ ಮಾತನ್ನು ಆ ಮಹಾಶಯರು ಮೈಕಿನಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಮತ್ತು ನನ್ನ ಕ್ಷಮೆ ಕೇಳಬೇಕು.