ಕಾಕಾ ಹೊರಗೆ ಹಾಕಿದ ಒಂಬತ್ತು ಗಣಿತ ಗುರುಗಳು

ನಮ್ಮ ಕಾಕಾ ಒಂದೂವರೆ ತಿಂಗಳಲ್ಲಿ ಒಂಬತ್ತು ಮಂದಿ ಗಣಿತದ ಗುರುಗಳನ್ನು ಮನೆಯಿಂದ ಹೊರಗೆ ಹಾಕಿದ್ದಾರೆ! ಪಾಪ, ಆ ಒಂಬತ್ತು ಮಂದಿಗೆ ಈ ಸಂಗತಿ ಗೊತ್ತೇ ಇಲ್ಲ. ಅವರು ಇವತ್ತಿಗೂ ಮೊಬೈಲಿನೊಳಗೆ ನಿಂತು ನಗುನಗುತ್ತಾ ಪಾಠ ಹೇಳುತ್ತಲೇ ಇದ್ದಾರೆ. ದಣಿದವಳು ನಾನು ಮಾತ್ರ.

ಕಾಕಾ ಅಂದರೆ ನಮ್ಮ ಮಾವನವರ ತಮ್ಮ. ವಯಸ್ಸು ಎಪ್ಪತ್ತೊಂದು. ಮನೆಯ ದೊಡ್ಡವರೆಲ್ಲ ಕಾಕಾ ಅನ್ನುತ್ತಾರೆ, ಹಾಗಾಗಿ ಸೊಸೆಯಾದ ನನಗೂ ಅವರು ಕಾಕಾನೇ. ಚಿಕ್ಕಂದಿನಲ್ಲಿ ಅಕ್ಕನ ಊರಲ್ಲಿದ್ದು ಮರಾಠಿ ಶಾಲೆಯಲ್ಲಿ ಓದಿದರು. ಮ್ಯಾಟ್ರಿಕ್‌ನಲ್ಲಿ ಬೀಜಗಣಿತದ ಜೊತೆ ಜಗಳ ಬಿದ್ದು ಶಾಲೆ ಬಿಟ್ಟರು, ಎತ್ತು ಹಿಡಿದರು. ಆಮೇಲೆ ಎತ್ತಿನ ವಿಷಯದಲ್ಲಿ ಎಷ್ಟು ಹೆಸರಾದರೆಂದರೆ, ರಾಯಬಾಗದಿಂದ ಅಥಣಿಯವರೆಗೆ ಯಾರು ಜೋಡಿ ಕೊಂಡರೂ ಎತ್ತಿನ ಮೈಮೇಲಿನ ಸುಳಿ ನೋಡಿ ಗುಣ ಹೇಳಲು ಇವರನ್ನೇ ಕರೆಯುತ್ತಿದ್ದರು. ಈಗ ಎಲ್ಲರ ಮನೆಗೂ ಟ್ರ್ಯಾಕ್ಟರು ಬಂದಿದೆ. ಟ್ರ್ಯಾಕ್ಟರಿಗೆ ಸುಳಿ ಎಲ್ಲಿರುತ್ತದೆ? ಹಾಗಾಗಿ ಕಾಕಾನಿಗೆ ಪುರುಸೊತ್ತೋ ಪುರುಸೊತ್ತು.

ಅಂಥ ಹೊತ್ತಿಗೆ ನನ್ನ ಮಗಳು ಸ್ನೇಹಾ ಮನೆ ಹಿಡಿದಳು. ಹದಿನೈದು ವರ್ಷದ ಹುಡುಗಿ, ಕೀಲುಕೀಲಿಗೂ ಬಾವು. ಮೀರಜಿನ ಡಾಕ್ಟರು, ಒಂದು ವರ್ಷ ಬಸ್ಸು ಹತ್ತುವುದು, ಬೆಂಚಿನ ಮೇಲೆ ದಿನವಿಡೀ ಕೂರುವುದು ಬೇಡ ಅಂದರು. ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆಗೆ ಕೂರಿಸೋಣ ಅಂತ ನಿರ್ಧಾರವಾಯಿತು. ಉಳಿದ ವಿಷಯಗಳನ್ನು ಹುಡುಗಿ ತಾನೇ ಓದಿಕೊಳ್ಳುತ್ತಾಳೆ. ಗಂಟು ಬಿದ್ದದ್ದು ಬೀಜಗಣಿತಕ್ಕೆ. ಅದೊಂದು ಕೈಕೊಟ್ಟರೆ ಆಸ್ಪತ್ರೆಯಲ್ಲಿ ಕಳೆದುಹೋದ ಒಂದು ವರ್ಷದ ಜೊತೆಗೆ ಇನ್ನೊಂದು ವರ್ಷವೂ ಹೋಗುತ್ತದೆ. ನಾನು ಅಂಗನವಾಡಿ ಟೀಚರು, ನನ್ನ ಗಣಿತ ಒಂದು ಎರಡು ಬಾಳೆಲೆ ಹರಡುವವರೆಗೆ ಮಾತ್ರ. ಯಜಮಾನರು ದ್ರಾಕ್ಷಿ ಚಾಟ್ನಿಯ ಗಡಿಬಿಡಿಯಲ್ಲಿ ಬಳ್ಳಿ ಸವರಿಸುತ್ತಾ ತೋಟದಲ್ಲೇ ಮಲಗುತ್ತಿದ್ದರು. ಕಡೆಗೆ ನಿಪ್ಪಾಣಿಯ ನಾದಿನಿ, "ವೈನಿ, ವಿಡಿಯೋದಾಗ ಭಾರಿ ಪಾಠ ಅದಾವ್ರಿ, ಒಂದು ಆರಿಸಿ ಹಚ್ಚಿಬಿಡ್ರಿ" ಎಂದಳು. ಆರಿಸಿ ಹಚ್ಚಿಬಿಡುವುದು! ಅವಳಿಗೇನು, ಅವಳ ಮನೆಯಲ್ಲಿ ಕಾಕಾ ಇಲ್ಲ.

ನಾನು ಕಣ್ಣಿಗೆ ಬಿದ್ದ ಮೊದಲನೆಯದನ್ನೇ ಒತ್ತಲು ಹೋದೆ. ಕಾಕಾ ಕೈ ಅಡ್ಡ ಹಿಡಿದರು.

"ತಡಿಯವಾ. ಎತ್ತ ತರೂ ಮುಂದ ಒಂದ ದಿನಾ ಹೂಡಿ ನೋಡ್ತೇವಿಲ್ಲೋ? ಕೋಡ ನೋಡಿ ಎತ್ತ ತಂದವ ಉದ್ಧಾರ ಆಗ್ಯಾನೇನ?"

"ಕಾಕಾ, ಇದು ಎತ್ತಲ್ರಿ, ಪಾಠ."

"ಪುಕ್ಕಟ ಎರಡ ಪಾಠ ತೋರಸ್ತೀವಿ ಅಂತ ಅವರ ಬರದಾರಲ್ಲ! ಹೂಡಿ ನೋಡ್ರಿ ಅಂತನ ಕೊಟ್ಟಾರ. ಹೂಡೂಣು."

ಹೂಡಿದೆವು. ಮೊದಲನೆಯ ಗುರು ಬಲು ಚುರುಕು. ಹಿಂದೆ ಬ್ಯಾಂಡು, ಬಣ್ಣಬಣ್ಣದ ಅಕ್ಷರಗಳ ಕುಣಿತ. ಮೂರು ನಿಮಿಷದಲ್ಲಿ ಒಂದು ಸಮೀಕರಣ ಬಿಡಿಸಿ ಎಸೆದು, "ತಿಳೀತಲ್ಲ ಮಕ್ಕಳೇ?" ಅಂದರು. ಕಾಕಾ ಕೈ ಎತ್ತಿ ಮರ್ಯಾದೆಯಿಂದಲೇ, "ಇಲ್ರಿ ಸರ್, ತಿಳೀಲಿಲ್ಲ" ಅಂದರು. ಗುರುಗಳು, "ವೆರಿ ಗುಡ್! ಮುಂದೆ ಹೋಗೋಣ" ಎಂದು ಮುಂದೆ ಹೋದರು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಬಡಿದರು.

"ನಾ ತಿಳೀಲಿಲ್ಲ ಅನ್ನಾಕತ್ತೀನಿ, ಅಂವ ವೆರಿ ಗುಡ್ ಅನ್ನಾಕತ್ತಾನ! ಈ ಎತ್ತು ನಮಗ ಬ್ಯಾಡ. ಹಿಂದ ಯಾರ ಅದಾರ, ಯಾರ ಬಿದ್ದಾರ ನೋಡೂದಿಲ್ಲ."

ವಿಡಿಯೋದಲ್ಲಿರುವವರಿಗೆ ನಮ್ಮ ಮಾತು ಕೇಳಿಸುವುದಿಲ್ಲ ಎಂದು ನಾನು ಅರ್ಧ ಗಂಟೆ ತಿಳಿಸಿ ಹೇಳಿದೆ. "ಕೇಳಸೂದಿಲ್ಲಂದ್ರ ಮತ್ಯಾಕ ಕೇಳ್ತಾನ?" ಅಂದರು. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹೇಳಿ. ನಾನು ಎರಡನೆಯ ಗುರುವನ್ನು ಹಚ್ಚಿದೆ.

ನಾಲ್ಕನೆಯ ಗುರು ಕಾಕಾನಿಗೆ ಬಹಳ ಹಿಡಿಸಿದರು. ಎರಡು ದಿನ ಅವರದೇ ಗುಣಗಾನ. ಇನ್ನೇನು ನನ್ನ ತಲೆನೋವು ಹೋಯಿತು ಎಂದು ನೋಡಿದರೆ, ಗುರುಗಳು ಅಚ್ಚ ಮರಾಠಿಯಲ್ಲಿ ಪಾಠ ಹೇಳುತ್ತಿದ್ದಾರೆ! "ಕಾಕಾ, ಅಕಿ ಕನ್ನಡದಾಗ ಪರೀಕ್ಷಾ ಬರೀಬೇಕ್ರಿ" ಅಂದೆ. ಕಾಕಾನಿಗೆ ತಾವು ಯಾವ ಭಾಷೆ ಕೇಳುತ್ತಿದ್ದೇವೆ ಎಂಬುದೇ ಗೊತ್ತಾಗಿರಲಿಲ್ಲ. ನಮ್ಮ ಕಡೆ ಇದೇನು ಹೊಸದಲ್ಲ, ಸಂತೆಯಲ್ಲಿ ಒಂದು ಭಾಷೆಯಲ್ಲಿ ಮಾತು ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಆದರೆ ನಮ್ಮ ಭಿನ್ನರಾಶಿಗೆ ಅವರು ಅಪೂರ್ಣಾಂಕ ಅನ್ನುತ್ತಿದ್ದರು. ಹುಡುಗಿ ಪಕ್ಕದಲ್ಲೇ ಕೂತು ಎರಡು ದಿನ ತಲೆಯಾಡಿಸಿದ್ದಳು. "ನಿನಗ ತಿಳೀತೇನವಾ?" ಎಂದು ಕಾಕಾ ಕೇಳಿದರೆ, "ತಿಳೀತ್ರಿ ಅಜ್ಜಾ" ಅಂದಳು. ಕಾಕಾ ಅವಳ ಮುಖ ನೋಡಿ, ಮೆಚ್ಚಿದ ಗುರುವನ್ನು ತಾವೇ ಹೊರಗೆ ಹಾಕಿದರು.

ಆರನೆಯವರು ಒಬ್ಬ ಮೇಡಮ್ಮು. ದನಿ ಬೆಲ್ಲ. "ಒಂದು ಹೊಲದ ಉದ್ದ ಅದರ ಅಗಲಕ್ಕಿಂತ ಐದು ಮೀಟರು ಹೆಚ್ಚು, ಸುತ್ತಳತೆ ಐವತ್ತು ಮೀಟರು, ಹಾಗಾದರೆ ಉದ್ದವೆಷ್ಟು, ಅಗಲವೆಷ್ಟು?" ಎಂದು ಶುರು ಮಾಡಿದರು.

"ಅಗಲಾ ಎಷ್ಟಂತ ಗೊತ್ತಿಲ್ದ ಐದ ಮೀಟರ್ ಹೆಚ್ಚಂತ ಹೆಂಗ ಗೊತ್ತಾತು?" ಕಾಕಾ ಎದ್ದೇ ನಿಂತರು. "ಮಗ್ಗಲ ಹೊಲದವನ ಬಾಂದ ಒತ್ತಿರಬೇಕ ಮಗಾ. ಸರ್ವೇದವ್ರನ್ನ ಕರಸ್ರಿ ಬಾಯಾರ, ಬೀಜಗಣಿತಾ ಆಮ್ಯಾಲ ನೋಡೂಣು."

ಏಳನೆಯ ಪಾಠದವರು ಫೋನ್ ನಂಬರು ಕೊಡಿ ಅಂದರು. ಕಾಕಾ ಕೊಟ್ಟರು. ಯಾರದು? ನನ್ನದು! ಮರುದಿನ ಸಂಜೆ ಕರೆ ಬಂತು. ಫೋನು ಕಾಕಾನ ಕೈಗಿತ್ತೆ. ಆ ಕಡೆಯ ಹುಡುಗಿ, "ವಿದ್ಯಾರ್ಥಿ ಯಾರು ಸರ್?" ಎಂದು ಕೇಳಿದಳು.

"ನಾನರಿ."

"ವಯಸ್ಸು ಸರ್?"

"ಎಪ್ಪತ್ತೊಂದು. ಮ್ಯಾಟ್ರಿಕ್‌ದಾಗ ಬೀಜಗಣಿತಾ ಕುಂತಲ್ಲೇ ಕುಂತೈತಿ. ನಿಮ್ಮ ಸರ್‌ಗ ಒಂದ ಮಾತ ಹೇಳವಾ, ತಿಳೀತೇನ ಅಂತ ಕೇಳಿದ ಮ್ಯಾಲ ಒಂದ ಗಳಿಗಿ ನಿಂದ್ರಂತ. ನೀ ಕಾಗವಾಡದ ಕಡೆ ಬಂದ್ರ ಚಹಾಕ್ಕ ಬಾ."

ಚಹಾಕ್ಕೆ ಅವಳು ಬರಲಿಲ್ಲ, ಕರೆಗಳು ಮಾತ್ರ ದಿನಾ ಬಂದವು. ಅಂಗನವಾಡಿಯಲ್ಲಿ ಇಪ್ಪತ್ತು ಮೂಗು ಒರೆಸುತ್ತಾ ಹಾಡು ಹೇಳಿಕೊಡುತ್ತಿದ್ದರೆ ಫೋನು ಬಡಿದುಕೊಳ್ಳುತ್ತಿತ್ತು. ವಿದ್ಯಾರ್ಥಿಯ ಹೆಸರಿನಲ್ಲಿ ನಮ್ಮ ಕಾಕಾನ ಪೂರ್ತಿ ಹೆಸರು ಕೇಳಿ ಕೇಳಿ ಮಕ್ಕಳಿಗೂ ಬಾಯಿಪಾಠವಾಗಿತ್ತು.

ಒಂಬತ್ತನೆಯವರನ್ನೂ ಹೊರಗೆ ಹಾಕಿದ ದಿನ ನನ್ನ ತಾಳ್ಮೆ ಹರಿಯಿತು. ಅವತ್ತು ಬೆಳಿಗ್ಗೆಯಿಂದ ನಿಂತೇ ಇದ್ದೆ. "ಸಾಕ ಮಾಡ್ರಿ ಕಾಕಾ! ಪರೀಕ್ಷಾ ಹತ್ರ ಬಂತು. ಹುಡುಗಿ ಎಲ್ಲಾದೂ ತಿಳೀತಂತ ಹೇಳಾಕತ್ತಾಳ. ನಿಮಗ ತಿಳೀದಿದ್ರ ಏನ್ ಗಂಟ ಹೋಗೂದೈತ್ರಿ?"

ಹಿರಿಯರೆದುರು ಇಷ್ಟು ಜೋರಾಗಿ ಎಂದೂ ಮಾತಾಡಿರಲಿಲ್ಲ. ಕಾಕಾ ಸಿಟ್ಟಾಗಲಿಲ್ಲ. ಹುಡುಗಿ ಒಳಗೆ ಮಲಗಿದ್ದನ್ನು ನೋಡಿಕೊಂಡು ಮೆಲ್ಲಗೆ ಅಂದರು: "ಅಕಿ ಎಲ್ಲಾದಕ್ಕೂ ಹಂಗ ಅಂತಾಳವಾ. ಮೊಣಕಾಲ ನೋವ ಐತೇನಂದ್ರ ಇಲ್ಲಂತಾಳ. ಗುಳಿಗಿ ಕಹಿ ಐತೇನಂದ್ರ ಇಲ್ಲಂತಾಳ. ನೀ ದಣದ ಬರ್ತಿ, ಅದನ್ನ ನೋಡ್ತಾಳ. ಅಕಿ ವಹೀ ತಗದ ನೋಡೀದೇನ?"

ಅವಳ ನೋಟುಬುಕ್ಕು ತೆಗೆದು ನೋಡಿದೆ. ಒಂಬತ್ತು ಗುರುಗಳ ಪಾಠ ಮುತ್ತಿನಂಥ ಅಕ್ಷರದಲ್ಲಿ ಇಳಿದಿತ್ತು. ಕೆಳಗೆ "ನೀವೇ ಬಿಡಿಸಿ" ಎಂದು ಕೊಟ್ಟ ಲೆಕ್ಕಗಳ ನಂಬರು ಬರೆದು, ಪಕ್ಕದಲ್ಲಿ ಏನೂ ಇರಲಿಲ್ಲ. ಪುಟಪುಟವೂ ಖಾಲಿ. ಇಷ್ಟು ದಿನ ಅವಳ "ತಿಳೀತು" ಕೇಳಿ ಹಗುರಾದವಳು ನಾನೇ ಅಲ್ಲವೇ?

ಮರುವಾರ ಅಂಗನವಾಡಿ ಮುಗಿಸಿ ಮನೆಗೆ ಬಂದೆ. ಒಳಗೆ ಹತ್ತನೆಯ ಗುರುವಿನ ಪಾಠ ನಡೆಯುತ್ತಿತ್ತು. ಬ್ಯಾಂಡಿಲ್ಲ, ಬಣ್ಣವಿಲ್ಲ. ಯಾವುದೋ ಹಳ್ಳಿಯ ಮಾಸ್ತರರು, ಕರಿಹಲಗೆ, ಸೀಮೆಸುಣ್ಣ, ಎಲ್ಲೋ ಒಂದು ಆಕಳು ಕೂಗುವ ಸದ್ದು. ಅವರೂ ಎಲ್ಲರಂತೆ "ತಿಳೀತಾ?" ಅಂದರು.

"ಇಲ್ರಿ, ತಿಳೀಲಿಲ್ಲ" ಎಂದಿತು ಕಾಕಾನ ದನಿ.

ಅದರ ಹಿಂದೆಯೇ ಇನ್ನೊಂದು ಸಣ್ಣ ದನಿ. "ನನಗೂ ತಿಳೀಲಿಲ್ಲ ಅಜ್ಜಾ. ನಿಲ್ಲಸ್ರಿ."

ನಾನು ಬಾಗಿಲಲ್ಲೇ ನಿಂತೆ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಮಗಳು ತನಗೆ ಏನೋ ಒಂದು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಾಕಾ ದಪ್ಪ ಬೆರಳಿನಿಂದ ಪರದೆ ಒತ್ತಿ ಮಾಸ್ತರರನ್ನು ನಿಲ್ಲಿಸಿದರು, ಹಿಂದಕ್ಕೆ ಎಳೆದರು, ಮತ್ತೆ ಬಿಟ್ಟರು. ಮಾಸ್ತರರು ಅದೇ ಲೆಕ್ಕ ಮೂರು ಸಲ ಬಿಡಿಸಿದರು. ಮೂರನೆಯ ಸಲಕ್ಕೆ ಸ್ನೇಹಾ, "ಹಾಂ, ಅಜ್ಜಾ!" ಎಂದು ಬಾತ ಬೆರಳುಗಳಲ್ಲೇ ಪೆನ್ಸಿಲು ಹಿಡಿದಳು.

"ನೋಡ್ರಿ, ಈ ಕಡೆದ ನಾಕ ತಗದ್ರ ಆ ಕಡೆದನೂ ನಾಕ ತಗೀಬೇಕು. ತಕ್ಕಡಿ ಇದ್ದಂಗ. ತಿಳೀತೇನ್ರಿ?"

"ಇಲ್ಲವಾ."

ಅವಳು ಅಳಿಸಿ ಮೊದಲಿನಿಂದ ಹೇಳಿದಳು. ಬೇಸರವಿಲ್ಲ, ಅವಸರವಿಲ್ಲ. "ಈಗ ತಿಳೀತೇನ್ರಿ?" ಎಂದು ಕೇಳಿ, ಪೆನ್ಸಿಲು ಕೆಳಗಿಟ್ಟು, ಅವರ ಮುಖ ನೋಡುತ್ತಾ ಸುಮ್ಮನೆ ಕೂತಳು.

ನನ್ನ ಕಣ್ಣು ತುಂಬಿ ಬಂತು. ಒಳಗೆ ಹೋಗದೆ ಹೊಸ್ತಿಲ ಮೇಲೆ ಕೂತುಬಿಟ್ಟೆ. ಕಾಕಾ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು ವಹಿಯ ಮೇಲೆ ಬಗ್ಗಿದ್ದರು. ದಪ್ಪ ಬೆರಳನ್ನು ಒಂದೊಂದೇ ಸಾಲಿನ ಮೇಲೆ ಇಟ್ಟು ಮತ್ತೆ ಮೊದಲಿನಿಂದ ನೋಡುತ್ತಿದ್ದರು. ಹುಡುಗಿ ಕಾಯುತ್ತಲೇ ಇದ್ದಳು.